ಹಿಂದಿನ ಆಕ್ಸಲ್ ನನ್ನದು

ಗಾಡಿ ಓಡಿಸುವ ಹೆಂಗಸು ಗಾಡಿಯ ಕೆಳಗೂ ಬಗ್ಗಿ ನೋಡಿರಬಹುದು ಎನ್ನುವುದು ನಮ್ಮ ಭಾವನ ತಲೆಗೆ ಹೊಳೆಯಲೇ ಇಲ್ಲ. ಅವರ ಮೇಲೆ ನನಗಿರುವ ಸಿಟ್ಟಿಗೆ ಇದಕ್ಕಿಂತ ದೊಡ್ಡ ಕಾರಣಗಳಿವೆ. ಆದರೂ ಇಷ್ಟು ವರ್ಷವಾದ ಮೇಲೆ ನೆನೆಸಿಕೊಂಡಾಗ ಮೊದಲು ಚುರ್ ಎನ್ನುವುದು ಇದೇ.

ತೊಂಬತ್ತರ ದಶಕದಲ್ಲಿ ಹೊಳೆನರಸೀಪುರದ ಪೇಟೆಬೀದಿಯ ಕೊನೆಯಲ್ಲಿ ನನ್ನದೊಂದು ಶಾಮಿಯಾನದ ಅಂಗಡಿ ಇತ್ತು. ಮದುವೆ, ತಿಥಿ, ಗೃಹಪ್ರವೇಶಗಳಿಗೆ ಶಾಮಿಯಾನ, ಕುರ್ಚಿ, ಕೊಳಗ, ಕಡಾಯಿ ಎಲ್ಲವನ್ನೂ ಬಾಡಿಗೆಗೆ ಕೊಡುತ್ತಿದ್ದೆವು. ಕೊಡುತ್ತಿದ್ದೆವು ಎಂದರೆ ನಾನೇ. ನಮ್ಮ ಮನೆಯವರು ಪ್ರೈಮರಿ ಶಾಲೆಯ ಮೇಷ್ಟ್ರು. ಬೆಳಿಗ್ಗೆ ಸೈಕಲ್ ಹತ್ತಿ ಶಾಲೆಗೆ ಹೋದರೆ ಸಂಜೆ ಬಂದು ಜಗುಲಿಯ ಮೇಲೆ ಕೂತು ಪೇಪರ್ ಓದುವರು. ಒಳ್ಳೆಯ ಮನುಷ್ಯ. ಯಾರು ಏನು ಮಾಡಿದರೂ ‘ಓಗ್ಲಿ ಬುಡು’ ಎನ್ನುವಷ್ಟು ಒಳ್ಳೆಯವರು. ಅವರ ಪಾಲಿನ ಸಿಟ್ಟನ್ನೂ ನಾನೇ ಮಾಡಿಕೊಳ್ಳಬೇಕಾಗಿತ್ತು.

ಮೊದಮೊದಲು ಬಾಡಿಗೆ ಟ್ರ್ಯಾಕ್ಟರಿನಲ್ಲಿ ಸಾಮಾನು ಸಾಗಿಸುತ್ತಿದ್ದೆವು. ಆಮೇಲೆ ಒಂದು ಹಳೆಯ ಪಿಕಪ್ ತೆಗೆದುಕೊಂಡೆ. ಜೀಪಿನ ಮೂತಿ, ಡೀಸೆಲ್ ಇಂಜಿನ್, ಹಿಂದೆ ಸಾಮಾನು ತುಂಬುವ ತೊಟ್ಟಿ. ಅದಕ್ಕೊಬ್ಬ ಡ್ರೈವರನನ್ನೂ ಇಟ್ಟಿದ್ದೆ. ಒಂದು ಮದುವೆಯ ದಿನ ಬೆಳಗಾದರೂ ಅವನು ಬರಲಿಲ್ಲ, ಹುಡುಕಿಸಿದರೆ ಕುಡಿದು ಬಸ್ ಸ್ಟ್ಯಾಂಡಿನಲ್ಲಿ ಮಲಗಿದ್ದ. ಅವತ್ತು ಮದುವೆ ಮನೆಯವರ ಬಾಯಲ್ಲಿ ಬಯ್ಸಿಕೊಂಡವಳು ಮರುವಾರವೇ ಹೊಳೆ ಕಡೆಯ ಬಯಲಿನಲ್ಲಿ ಗಾಡಿ ಕಲಿಯಲು ಶುರು ಮಾಡಿದೆ. ಕಲಿತೆ. ಲೈಸೆನ್ಸೂ ಮಾಡಿಸಿದೆ. ಆಗ ನಮ್ಮ ಸುತ್ತಮುತ್ತ ಸೀರೆಯ ಸೆರಗು ಸಿಕ್ಕಿಸಿಕೊಂಡು ಪಿಕಪ್ ಓಡಿಸುವವಳು ನನ್ನ ಕಣ್ಣಿಗಂತೂ ಬೇರೆ ಯಾರೂ ಬೀಳಲಿಲ್ಲ.

ಆ ಗಾಡಿಗೆ ಇದ್ದ ದೊಡ್ಡ ರೋಗ ಹಿಂದಿನ ಆಕ್ಸಲ್. ಒಮ್ಮೆ ಜಿನನಾಥಪುರದ ಒಂದು ಮನೆಗೆ ಕಬ್ಬಿಣದ ಕುರ್ಚಿ ತುಂಬಿಕೊಂಡು ಹೋಗಿ ಬರುವಾಗ ಹಿಂದಿನಿಂದ ಗರಗರ ಸದ್ದು ಶುರುವಾಯಿತು. ಹಾಸನದಲ್ಲಿ ನಮಗೆ ಗೊತ್ತಿದ್ದ ಮೆಕ್ಯಾನಿಕ್ ಒಬ್ಬನ ಹತ್ತಿರ ತೆಗೆದುಕೊಂಡು ಹೋದೆ. ಅವನು ಬಿಚ್ಚಿ ನೋಡಿ, ರಿಪೇರಿ ಮಾಡಿಕೊಡಬಹುದು, ಆದರೆ ಕುರ್ಚಿ, ಕಂಬ, ಕೊಳಗ ಎಲ್ಲ ಹೊರುವ ಗಾಡಿಗೆ ಈ ಜಾತಿಯ ಆಕ್ಸಲ್ ಆಗಿಬರುವುದಿಲ್ಲ ಎಂದ.

ಅದನ್ನು ನನಗೆ ತಿಳಿದ ಹಾಗೆ ಹೇಳುತ್ತೇನೆ. ಹಿಂದಿನ ಎರಡು ಚಕ್ರಗಳ ನಡುವೆ ಅಡ್ಡಲಾಗಿ ಒಂದು ದಪ್ಪ ಕೊಳವೆ ಇರುತ್ತದೆ, ಅದಕ್ಕೆ ಹೌಸಿಂಗ್ ಅನ್ನುತ್ತಾರೆ. ಅದರೊಳಗೆ ಚಕ್ರ ತಿರುಗಿಸುವ ಕಬ್ಬಿಣದ ಸರಳು ಇರುತ್ತದೆ, ಅದು ಶಾಫ್ಟ್. ಇದರಲ್ಲಿ ಎರಡು ತರ. ಒಂದರಲ್ಲಿ ಗಾಡಿಯ ಭಾರವನ್ನೆಲ್ಲ ಹೊರಗಿನ ಕೊಳವೆ ಹೊರುತ್ತದೆ, ಶಾಫ್ಟಿಗೆ ತಿರುಗುವ ಕೆಲಸ ಮಾತ್ರ. ಶಾಫ್ಟ್ ಮುರಿದರೂ ಚಕ್ರ ಇದ್ದಲ್ಲೇ ಇರುತ್ತದೆ, ಗಾಡಿ ನಿಂತುಹೋಗುತ್ತದೆ, ಅಷ್ಟೆ. ಇನ್ನೊಂದರಲ್ಲಿ ಶಾಫ್ಟೇ ತಿರುಗಬೇಕು, ಶಾಫ್ಟೇ ಭಾರವನ್ನೂ ಹೊರಬೇಕು. ಅದರ ತುದಿ ಮುರಿದರೆ ಚಕ್ರವೇ ಕಳಚಿಕೊಂಡು ಹೋಗುತ್ತದೆ. ಗುರುತು ಹಿಡಿಯುವುದು ಕಷ್ಟವಲ್ಲ. ಗಟ್ಟಿ ಜಾತಿಯದರ ಚಕ್ರದ ನಡುವೆ ಒಂದು ಗುಬುಟು ಹೊರಗೆ ಬಂದಿರುತ್ತದೆ, ಅದರ ಸುತ್ತ ಬಳೆಯ ಹಾಗೆ ಬೋಲ್ಟುಗಳಿರುತ್ತವೆ. ಇನ್ನೊಂದರಲ್ಲಿ ನಡುವೆ ಒಂದೇ ಒಂದು ದಪ್ಪ ನಟ್ಟು.

ಗಟ್ಟಿ ಜಾತಿಯದನ್ನು ಹುಡುಕಿಕೊಂಡು ಹಾಸನದ ಗುಜರಿ ಅಂಗಡಿಗಳನ್ನೆಲ್ಲ ತಿರುಗಿದೆವು. ಸಿಕ್ಕಿದ್ದನ್ನು ನೆಲದ ಮೇಲೆ ಎತ್ತಿ ನಿಲ್ಲಿಸಿ, ಎರಡೂ ತುದಿಯ ಬ್ರೇಕ್ ಡ್ರಮ್ಮಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಇಂಜಿನ್ ಕಡೆಯ ಉದ್ದದ ಶಾಫ್ಟ್ ಬಂದು ಕೂಡುವ ಮುಂದಿನ ಮೂತಿಯನ್ನು ಕೈಯಲ್ಲಿ ತಿರುಗಿಸಿ ನೋಡಿದೆವು. ಚಕ್ರ ಒಂದು ಸುತ್ತು ಬರುವುದಕ್ಕೆ ಮೂತಿ ಐದು ಸುತ್ತಿಗಿಂತ ಸ್ವಲ್ಪ ಹೆಚ್ಚು ತಿರುಗಿತು. ನನ್ನ ಗಾಡಿಯ ಹಳೆಯದರಲ್ಲಿ ನಾಲ್ಕೂವರೆ ಸುತ್ತೂ ಆಗುತ್ತಿರಲಿಲ್ಲ. ಹೆಚ್ಚು ಸುತ್ತಿದ್ದರೆ ಓಟ ಕಡಿಮೆ, ಎಳೆಯುವ ಶಕ್ತಿ ಜಾಸ್ತಿ. ನನಗೆ ಬೇಕಾಗಿದ್ದು ಅದೇ. ಆದರೆ ಅದರ ಮೇಲೆ ಗಾಡಿಯ ಕುಲುಕಾಟ ತಡೆಯುವ ಕಮಾನು ಪಟ್ಟಿ ಕೂರುವ ಪೀಠಗಳು ನನ್ನ ಗಾಡಿಯ ಅಳತೆಗೆ ಇರಲಿಲ್ಲ. ಅವನ್ನು ಕತ್ತರಿಸಿ ಬೇರೆ ಜಾಗದಲ್ಲಿ ವೆಲ್ಡಿಂಗ್ ಮಾಡಿಸಬೇಕಾಯಿತು. ಮೂರು ದಿನ ಬಸ್ಸಿನಲ್ಲಿ ಹೋಗಿ ಬಂದು ಪಕ್ಕದಲ್ಲೇ ಕೂತು ಮಾಡಿಸಿದೆ. ಗಾಡಿಗೆ ಏರಿಸುವ ಮೊದಲು ಕುರ್ಚಿಗಳಿಗೆ ಹೊಡೆದು ಮಿಕ್ಕಿದ್ದ ಹಸಿರು ಪೇಂಟನ್ನು ತಂದು ನಾನೇ ಆ ಹೌಸಿಂಗಿಗೆ ಬಳಿದೆ, ತುಕ್ಕು ಹಿಡಿಯದಿರಲಿ ಎಂದು. ಮೆಕ್ಯಾನಿಕ್ ನಕ್ಕ. ಕೆಳಗೆ ಇರೋದಕ್ಕೆ ಯಾಕಕ್ಕ ಸಿಂಗಾರ ಎಂದ.

ಅದಾದ ಮೇಲೆ ನಾಲ್ಕೈದು ವರ್ಷ ಆ ಗಾಡಿ ಒಂದು ದಿನವೂ ನನ್ನ ಕೈ ಬಿಡಲಿಲ್ಲ.

ನಮ್ಮಕ್ಕನನ್ನು ಕೊಟ್ಟಿದ್ದು ಅರಕಲಗೂಡಿನ ಕಡೆಗೆ. ಭಾವನದು ದೊಡ್ಡ ಬೇಸಾಯ. ಮಳೆಗಾಲಕ್ಕೆ ಆಲೂಗಡ್ಡೆ, ಜೊತೆಗೆ ಹೊಗೆಸೊಪ್ಪು. ನನ್ನ ಗಾಡಿ ನೋಡಿ ಅವರೂ ಅದೇ ತರದ ಹಳೆಯ ಪಿಕಪ್ ಒಂದನ್ನು ತೆಗೆದುಕೊಂಡಿದ್ದರು. ಅದರ ಹಿಂದೆ ಇದ್ದದ್ದು ನಾನು ಬಿಚ್ಚಿಸಿ ಎಸೆದ ಜಾತಿಯ ಆಕ್ಸಲ್ಲೇ. ಅದೂ ಗರಗರ ಸದ್ದು ಮಾಡುತ್ತಿತ್ತು, ಬದಲಾಯಿಸಿಕೊಳ್ಳಿ ಎಂದು ನಾನೇ ಎರಡು ಸಲ ಹೇಳಿದ್ದೆ. ನೋಡೋಣ ನೋಡೋಣ ಎನ್ನುತ್ತಿದ್ದರು.

ಒಂದು ಆಷಾಢದಲ್ಲಿ ಭಾವ ನಮ್ಮ ಮನೆಗೆ ಬಂದರು. ಅವರ ಗಾಡಿಯ ಇಂಜಿನ್ ಬಿಚ್ಚಿ ಹಾಕಿದೆಯಂತೆ, ಗೊಬ್ಬರ ಸಾಗಿಸಬೇಕಂತೆ. ಆಷಾಢದಲ್ಲಿ ಮದುವೆ ಇರುವುದಿಲ್ಲ, ನನ್ನ ಗಾಡಿ ಸುಮ್ಮನೆ ನಿಂತಿರುತ್ತದೆ. ಕೇಳಿದವರು ಅಕ್ಕನ ಗಂಡ. ಕೀ ಕೊಟ್ಟೆ.

ಶ್ರಾವಣದ ಹೊತ್ತಿಗೆ ಗಾಡಿ ವಾಪಸ್ಸು ಬಂತು. ತೊಳೆದು ಒರೆಸಿ, ಮುಂದೆ ಚೆಂಡುಹೂವಿನ ಹಾರ ಹಾಕಿ, ನಾಲ್ಕು ಚಕ್ರಕ್ಕೂ ಫಳಫಳ ಹೊಳೆಯುವ ಸ್ಟೀಲಿನ ಕ್ಯಾಪ್ ಹಾಕಿಸಿ ತಂದು ನಿಲ್ಲಿಸಿದರು. ಚಕ್ರದ ನಡುಭಾಗವನ್ನು ಪೂರ್ತಿ ಮುಚ್ಚುವ ಅಗಲದ ಕ್ಯಾಪುಗಳು. ನನಗೆ ಎಷ್ಟು ಸಂತೋಷವಾಯಿತು ಎಂದರೆ, ಬೀದಿಯವರಿಗೆಲ್ಲ ತೋರಿಸಿ, ನಮ್ಮ ಭಾವ ಹಾಕಿಸಿಕೊಟ್ಟದ್ದು ಎಂದು ಹೇಳಿಕೊಂಡೆ. ಅದನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಓಡಿಸಿದಾಗ ಗಾಡಿ ಸ್ವಲ್ಪ ಬೇರೆ ತರ ಅನ್ನಿಸಿತ್ತು. ಟಾಪ್ ಗೇರಿನಲ್ಲಿ ಇಂಜಿನ್ ಸದ್ದು ಮೊದಲಿಗಿಂತ ಕಡಿಮೆ, ಓಟ ಜಾಸ್ತಿ. ಆದರೆ ಏರಿನಲ್ಲಿ ಉಸಿರು ಕಟ್ಟಿದ ಹಾಗೆ ಎಳೆಯುತ್ತಿತ್ತು. ಫೋನ್ ಮಾಡಿ ಕೇಳಿದೆ. ಇಂಜಿನ್ ಟ್ಯೂನ್ ಮಾಡಿಸಿದ್ದೀನಿ, ಅದಕ್ಕೇ ಓಟ ಎಂದರು ಭಾವ. ನಂಬಿದೆ. ಮಾರನೇ ದಿನ ಅಕ್ಕನ ಫೋನು ಬಂತು. ಅದೂ ಇದೂ ಮಾತಾಡಿ, ಕೊನೆಗೆ, ‘ಗಾಡಿ ನಿದಾನಕ್ಕೆ ಓಡ್ಸು ಕಣೆ’ ಎಂದಳು. ಅಕ್ಕಂದಿರು ಹೇಳುವ ಮಾತು ಎಂದುಕೊಂಡು ಫೋನ್ ಇಟ್ಟೆ.

ಆ ಶ್ರಾವಣದ ಮೊದಲ ಮದುವೆ ಹಿರೀಸಾವೆಯಲ್ಲಿತ್ತು. ಮದುವೆ ಮುಗಿದು ಮಧ್ಯಾಹ್ನ ಎಲ್ಲ ಬಿಚ್ಚಿ ತುಂಬಿದೆವು. ಕೆಳಗೆ ಕಂಬ, ಅದರ ಮೇಲೆ ಕುರ್ಚಿ, ಮೇಲೆ ಸುತ್ತಿದ ಶಾಮಿಯಾನ, ಶಾಮಿಯಾನದ ಮೇಲೆ ನಮ್ಮ ಕೆಲಸದ ಹೆಂಗಸರು. ಅವರಲ್ಲಿ ಒಬ್ಬಳು ಹಗ್ಗ ಕಟ್ಟುವುದರಲ್ಲಿ ಎತ್ತಿದ ಕೈ. ಅವಳು ಕಟ್ಟಿದ ಗಂಟು ಗಾಳಿಗೆ ಬಿಚ್ಚುತ್ತಿರಲಿಲ್ಲ, ಕೈ ಹಾಕಿ ಎಳೆದರೆ ಒಂದೇ ಎಳೆತಕ್ಕೆ ಬಿಚ್ಚುತ್ತಿತ್ತು. ಅಂಗಡಿ ಶುರುವಾದಾಗಿನಿಂದ ನನ್ನ ಜೊತೆ ಇದ್ದವಳು.

ಹಿರೀಸಾವೆ ಬಿಟ್ಟು ಚನ್ನರಾಯಪಟ್ಟಣದ ಕಡೆ ಸ್ವಲ್ಪ ದೂರ ಬಂದಿದ್ದೆವು. ಹಿಂದಿನಿಂದ ಟಪ್ ಎಂದು ಒಂದು ಸದ್ದು ಬಂತು, ಮರದ ಕೊಂಬೆ ಮುರಿದ ಹಾಗೆ. ಗಾಡಿಯ ಬಲಗಡೆ ಕುಸಿಯಿತು. ಬ್ರೇಕ್ ತುಳಿದರೆ ಕಾಲು ಸೀದಾ ಕೆಳಗೆ ಹೋಯಿತು, ಬ್ರೇಕೇ ಇಲ್ಲ. ಆಗ ನನ್ನ ಬಲಗಡೆಯಿಂದ ಒಂದು ಚಕ್ರ ನನ್ನನ್ನು ದಾಟಿಕೊಂಡು ಮುಂದಕ್ಕೆ ಓಡಿತು. ಬಿಸಿಲಿಗೆ ಅದರ ಕ್ಯಾಪ್ ಹೊಳೆಯುತ್ತಿತ್ತು. ನನ್ನದೇ ಗಾಡಿಯ ಚಕ್ರ ಎಂದು ತಿಳಿಯಲು ಒಂದು ಗಳಿಗೆ ಬೇಕಾಯಿತು. ಅದು ರಸ್ತೆ ಅಡ್ಡ ಹಾಯ್ದು ರಾಗಿ ಹೊಲಕ್ಕೆ ಬಿತ್ತು. ಎದುರಿಗೆ ಬರುತ್ತಿದ್ದ ಬಸ್ಸು ಕಿರುಚಿಕೊಂಡು ನಿಂತಿತು. ಸ್ಟೇರಿಂಗ್ ಹಿಡಿದ ಕೈ ಬಿಡಲಿಲ್ಲ ನಾನು. ಗಾಡಿ ಟಾರು ಕೆರೆದುಕೊಂಡು ಕಿಡಿ ಹಾರಿಸುತ್ತಾ ರಸ್ತೆ ಪಕ್ಕಕ್ಕೆ ಬಂದು ನಿಂತಿತು. ಇನ್ನೊಂದು ಮಾರು ಮುಂದೆ ಹೋಗಿದ್ದರೆ ಹಳ್ಳ.

ಇಳಿದು ಹಿಂದಕ್ಕೆ ಓಡಿದೆ. ಉಳಿದ ಹೆಂಗಸರು ಹಗ್ಗ ಹಿಡಿದುಕೊಂಡು ಮೇಲೇ ಇದ್ದರು. ಹಗ್ಗ ಕಟ್ಟುವವಳು ಮಾತ್ರ ಇರಲಿಲ್ಲ. ಅವಳು ಹಿಂದೆ ರಸ್ತೆಯ ಅಂಚಿನಲ್ಲಿ ಬಲಗೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ಮಣಿಕಟ್ಟು ಇರಬಾರದ ಕಡೆಗೆ ತಿರುಗಿತ್ತು. ಅಳುತ್ತಿರಲಿಲ್ಲ. ನನ್ನ ಮುಖ ನೋಡಿ, ಕುರ್ಚಿ ಏನಾದರೂ ಬಿದ್ದವಾ ಎಂದು ಕೇಳಿದಳು.

ರಸ್ತೆ ಬದಿಯ ಹೋಟೆಲಿನವರು ಓಡಿ ಬಂದರು. ಒಂದು ವ್ಯಾನು ನಿಲ್ಲಿಸಿ ಅವಳನ್ನು ಚನ್ನರಾಯಪಟ್ಟಣದ ಆಸ್ಪತ್ರೆಗೆ ಕಳಿಸಿದೆ, ಜೊತೆಗೆ ಇನ್ನೊಬ್ಬಳನ್ನು ಕೂರಿಸಿ. ಆಮೇಲೆ ರಾಗಿ ಹೊಲಕ್ಕೆ ಇಳಿದು ಚಕ್ರದ ಹತ್ತಿರ ಹೋದೆ. ಡ್ರಮ್ಮಿನ ಸಮೇತ ಬಿದ್ದಿತ್ತು. ನನ್ನ ಆಕ್ಸಲ್ಲಿನಲ್ಲಿ ಹೀಗಾಗುವ ಹಾಗಿಲ್ಲವಲ್ಲ, ಹೇಗಾಯಿತು ಎಂದು ತಿಳಿಯದೆ ಅದರ ಕ್ಯಾಪನ್ನು ಕಿತ್ತೆ. ಬೋಲ್ಟುಗಳ ಬಳೆ ಇರಲಿಲ್ಲ. ನಡುವೆ ಒಂದು ದಪ್ಪ ನಟ್ಟು, ಅದರ ಹಿಂದೆ ಮುರಿದ ಶಾಫ್ಟಿನ ಗೇಣುದ್ದದ ತುಂಡು. ಮುರಿದ ಜಾಗದಲ್ಲಿ ಅರ್ಧ ಭಾಗ ಹೊಸದಾಗಿ ಹೊಳೆಯುತ್ತಿತ್ತು, ಉಳಿದರ್ಧ ಕಪ್ಪಗಿತ್ತು. ಬಿರುಕು ಬಿಟ್ಟು ಬಹಳ ದಿನವಾಗಿತ್ತು ಎಂದು ಅರ್ಥ.

ಗಾಡಿಯ ಹತ್ತಿರ ಬಂದು ಎಡಗಡೆಯ ಕ್ಯಾಪನ್ನೂ ಕಿತ್ತೆ. ಅಲ್ಲೂ ಅದೇ ಒಂಟಿ ನಟ್ಟು. ನೆಲಕ್ಕೆ ಮಲಗಿ ಕೆಳಗೆ ನೋಡಿದೆ. ಹೌಸಿಂಗ್ ಕಪ್ಪಗಿತ್ತು. ನಾನು ಬಳಿದ ಹಸಿರು ಎಲ್ಲಿಯೂ ಇರಲಿಲ್ಲ. ಪೀಠಗಳಲ್ಲಿ ನಾನು ಕೂತು ಮಾಡಿಸಿದ ವೆಲ್ಡಿಂಗ್ ಇರಲಿಲ್ಲ. ಇದು ನನ್ನ ಆಕ್ಸಲ್ಲೇ ಅಲ್ಲ.

ಕ್ಯಾಪ್ ಯಾಕೆ ಹಾಕಿಸಿದರು ಎನ್ನುವುದು ಆಗ ತಿಳಿಯಿತು. ಹಾರ ಯಾಕೆ ಹಾಕಿದರು, ಟ್ಯೂನ್ ಮಾಡಿಸಿದೆ ಎಂದು ಯಾಕೆ ಹೇಳಿದರು, ಎಲ್ಲ ತಿಳಿಯಿತು. ಮೇಲೆ ಐದು ಜೀವ ಕೂರಿಸಿಕೊಂಡು ಹೆದ್ದಾರಿಯಲ್ಲಿ ಓಡಿಸುವ ಗಾಡಿಗೆ, ಭಾವ ಸದ್ದು ಮಾಡುತ್ತಿದ್ದ ತಮ್ಮ ಆಕ್ಸಲ್ ತಗುಲಿಸಿ, ಹೂವಿನ ಹಾರ ಹಾಕಿ ಕಳಿಸಿದ್ದಾರೆ.

ಚನ್ನರಾಯಪಟ್ಟಣದ ಒಂದು ಗ್ಯಾರೇಜಿಗೆ ಗಾಡಿ ಎಳೆಸಿ ನಿಲ್ಲಿಸಿದೆವು. ಮನೆಗೆ ಬಂದು ನಮ್ಮ ಮನೆಯವರಿಗೆ ಎಲ್ಲ ಹೇಳಿದೆ. ಪೂರ್ತಿ ಕೇಳಿದರು. ಆಮೇಲೆ, ಯಾರ ಜೀವಕ್ಕೂ ಏನೂ ಆಗಲಿಲ್ಲವಲ್ಲ, ಬೇರೆ ಆಕ್ಸಲ್ ಹಾಕಿಸಿಕೊಳ್ಳೋಣ, ನಿಮ್ಮಕ್ಕನ ಸಂಸಾರದ ವಿಷಯ, ಓಗ್ಲಿ ಬುಡು ಎಂದರು. ಮದುವೆಯಾದಾಗಿನಿಂದ ಆ ಮಾತು ಕೇಳಿದ್ದೆ. ಅವತ್ತು ಮಾತ್ರ ನನಗೆ ಅದು ಭಾವ ಮಾಡಿದ್ದಕ್ಕಿಂತ ಕಡಿಮೆ ತಪ್ಪು ಅನ್ನಿಸಲಿಲ್ಲ. ‘ನಾಳೆ ನಾನ್ ಅರ್ಕಲ್ಗೂಡಿಗೆ ಓಗ್ತೀನಿ. ನೀವು ಬಂದ್ರೆ ಬನ್ನಿ, ಬುಟ್ರೆ ಬುಡಿ’ ಎಂದೆ.

ಹಾಸನದ ಮೆಕ್ಯಾನಿಕ್ಕಿಗೆ ಫೋನ್ ಮಾಡಿದೆ. ಮನೆ ಜಗಳಕ್ಕೆ ನನ್ನನ್ನು ಕರೀಬೇಡಿ ಎಂದು ಅವನೂ ಹಿಂದೇಟು ಹಾಕಿದ. ಜಗಳ ನಾನು ಆಡುತ್ತೇನೆ, ನೀನು ಬೋಲ್ಟ್ ಬಿಚ್ಚು ಸಾಕು ಎಂದೆ. ಬೆಳಿಗ್ಗೆ ಅವನು ಚನ್ನರಾಯಪಟ್ಟಣಕ್ಕೆ ಬಂದು ಮುರಿದ ಆಕ್ಸಲ್ಲನ್ನು ಇಳಿಸಿದ. ಅದನ್ನು ಒಂದು ಬಾಡಿಗೆ ಟೆಂಪೋದಲ್ಲಿ ಹಾಕಿಕೊಂಡು, ಹೊಳೆನರಸೀಪುರದ ಮೇಲೆ ಅರಕಲಗೂಡಿಗೆ ಹೊರಟೆವು. ನಮ್ಮ ಮನೆಯವರೂ ಹತ್ತಿದರು.

ಭಾವನ ಊರು ತಲುಪಿದಾಗ ಅವರ ಮನೆಯ ಮುಂದೆ ಆಲೂಗಡ್ಡೆ ಮೂಟೆಗಳನ್ನು ಅವರ ಪಿಕಪ್ಪಿಗೆ ತುಂಬುತ್ತಿದ್ದರು. ಅಗೆತದ ಕಾಲ, ಅಂಗಳದ ತುಂಬ ಆಳುಗಳು. ನಾನು ಟೆಂಪೋದಿಂದ ಇಳಿದವಳೇ ಆ ಗಾಡಿಯ ಹಿಂದಿನ ಚಕ್ರ ನೋಡಿದೆ. ಬೋಲ್ಟುಗಳ ಬಳೆ ಎದ್ದು ಕಾಣುತ್ತಿತ್ತು. ಅದಕ್ಕೆ ಕ್ಯಾಪ್ ಹಾಕಿಸುವಷ್ಟು ಹೆದರಿಕೆಯೂ ಅವರಿಗೆ ಇರಲಿಲ್ಲ.

ಭಾವ ಬಂದರು. ನಗುತ್ತಲೇ ಬಂದರು. ‘ಏನವ್ವಾ, ಯೋಳ್ದೆ ಕೇಳ್ದೆ ಬಂದ್ಬುಟ್ರಿ’ ಎಂದರು. ಟೆಂಪೋದಲ್ಲಿದ್ದ ಮುರಿದ ಆಕ್ಸಲ್ ನೋಡಿದ ಮೇಲೂ ನಗು ಪೂರ್ತಿ ಹೋಗಲಿಲ್ಲ.

ಮೂಟೆ ಇಳಿಸಲು ಹೇಳಿ ಎಂದೆ. ಯಾಕೆ ಎಂದರು. ನನ್ನ ಆಕ್ಸಲ್ ನಾನು ತೆಗೆದುಕೊಂಡು ಹೋಗುತ್ತೇನೆ ಎಂದೆ. ಇದು ನನ್ನದೇ, ಗುಜರಿಯಲ್ಲಿ ತಂದು ಹಾಕಿಸಿದ್ದು ಎಂದರು. ಆಳುಗಳು ಕೆಲಸ ನಿಲ್ಲಿಸಿ ನೋಡುತ್ತಿದ್ದರು. ನಾನು ಮೆಕ್ಯಾನಿಕ್ಕಿನ ಹತ್ತಿರ ಸ್ಕ್ರೂ ಡ್ರೈವರ್ ಇಸಕೊಂಡು ಗಾಡಿಯ ಕೆಳಗೆ ತೂರಿದೆ. ಹೌಸಿಂಗಿಗೆ ಕಪ್ಪು ಬಣ್ಣ ಹೊಡೆದಿದ್ದರು. ಮೇಲಿನ ಮಣ್ಣು ಒರೆಸಿ ಕೆರೆದೆ. ಕಪ್ಪು ಸಿಪ್ಪೆ ಸಿಪ್ಪೆಯಾಗಿ ಎದ್ದು ಕೆಳಗೆ ಹಸಿರು ಬಂತು. ಇನ್ನೂ ಅಗಲಕ್ಕೆ ಕೆರೆದೆ. ಎದ್ದು ಬಂದು, ಬಗ್ಗಿ ನೋಡಿ ಎಂದು ಭಾವನಿಗೆ ಹೇಳಿದೆ. ಅವರು ಬಗ್ಗಲಿಲ್ಲ. ಆಳುಗಳಲ್ಲಿ ಇಬ್ಬರು ಬಗ್ಗಿ ನೋಡಿದರು.

ಆಗ ಭಾವನ ಮಾತು ಬದಲಾಯಿತು. ‘ಆಯ್ತು, ಈಗೇನಾಯ್ತು? ನಿಂದು ವರ್ಸದಾಗೆ ಒಸಿ ದಿನ ಶಾಮಿಯಾನದ ಬಟ್ಟೆ ಒರೋ ಗಾಡಿ. ನಂದು ದಿನಾ ಮೂಟೆ ಒರ್ತದೆ. ಬಟ್ಟೆ ಒರಕ್ಕೆ ಯಾವ ಆಕ್ಸಲ್ ಆದ್ರೇನವ್ವಾ? ಮನೇಲೇ ಐತಲ್ಲ, ಕಳ್ರೇನು ಒತ್ಕಂಡೋದ್ರಾ?’

‘ಕೇಳ್ದೆ ಬಿಚ್ಕಂಡ್ರೆ ಅದುಕ್ಕೆ ಬ್ಯಾರೆ ಎಸ್ರಿಲ್ಲ ಭಾವ’ ಎಂದೆ. ‘ನಿಮ್ ಶಾಫ್ಟು ಬಿರುಕು ಬುಟ್ಟಿದ್ದು ನಿಮ್ಗೆ ಗೊತ್ತಿತ್ತು. ಮ್ಯಾಲೆ ಜನ ಕೂತ್ಕತಾರೆ ಅನ್ನೋದೂ ಗೊತ್ತಿತ್ತು. ಆ ಎಂಗ್ಸು ಕೈ ಮುರ್ಕಂಡು ಕುಂತವ್ಳೆ. ತಲೆ ಒಡ್ದೋಗಿದ್ರೆ ಯಾರ್ ಮನೆ ಮುಂದೆ ಎಣ ಇಳಿಸ್ಬೇಕಿತ್ತು?’

ಆಳುಗಳ ಮುಂದೆ ಅವರಿಗೆ ಹೀಗೆ ಯಾರೂ ಮಾತಾಡಿರಲಿಕ್ಕಿಲ್ಲ. ಮುಖ ಕೆಂಪಾಯಿತು. ನಮ್ಮ ಮನೆಯವರ ಕಡೆ ತಿರುಗಿ, ಏನ್ ಮೇಷ್ಟ್ರೆ, ಸುಮ್ನೆ ನೋಡ್ತಾ ನಿಂತಿದ್ದೀರಲ್ಲ ಎಂದರು. ನಮ್ಮ ಮನೆಯವರು ಕನ್ನಡಕ ತೆಗೆದು ಒರೆಸಿಕೊಂಡು, ‘ಅವಳ ಆಕ್ಸಲ್ ಅವಳಿಗೆ ಕೊಡ್ಬೇಕಲ್ಲ’ ಎಂದರು. ಅಷ್ಟೇ ಅಂದಿದ್ದು. ಆಮೇಲೆ ಹೋಗಿ ಜಗುಲಿಯ ಮೇಲೆ ಭಾವನ ಪಕ್ಕದಲ್ಲೇ ಕೂತು, ಅಕ್ಕ ತಂದುಕೊಟ್ಟ ಕಾಫಿ ಕುಡಿದರು. ಅದನ್ನೂ ನಾನು ಮರೆತಿಲ್ಲ.

ಮೂಟೆಗಳು ಇಳಿದವು. ಗಾಡಿಯ ಚಾಸಿಯ ಕೆಳಗೆ ಜಾಕಿ ಕೊಟ್ಟು ಎತ್ತಿ, ಮರದ ದಿಮ್ಮಿ ಜೋಡಿಸಿ ನಿಲ್ಲಿಸಿದೆವು. ಇಂಜಿನ್ನಿನಿಂದ ಬರುವ ಉದ್ದದ ಶಾಫ್ಟಿನ ಬೋಲ್ಟುಗಳನ್ನು ಬಿಚ್ಚಿ ಅದನ್ನು ಹಗ್ಗದಲ್ಲಿ ಮೇಲಕ್ಕೆ ಕಟ್ಟಿದ ಮೆಕ್ಯಾನಿಕ್. ಬ್ರೇಕಿನ ಪೈಪು ಬಿಚ್ಚಿ ತುದಿಗೆ ಬಿರಡೆ ಹಾಕಿದ. ಹ್ಯಾಂಡ್ ಬ್ರೇಕಿನ ತಂತಿ ಕಳಚಿದ್ದು ನಾನು. ಕಮಾನು ಪಟ್ಟಿಗಳನ್ನು ಹೌಸಿಂಗಿಗೆ ಅಪ್ಪಿಸಿ ಹಿಡಿಯುವ ಯು ಬೋಲ್ಟುಗಳು ಜಗ್ಗಲಿಲ್ಲ. ಒಂದು ತಿಂಗಳ ಹಿಂದೆ ಹಾಕಿದ್ದು, ಅಷ್ಟು ಬಿಗಿ. ಸ್ಪಾನರಿಗೆ ಪೈಪು ತೊಡಿಸಿ, ಅವನೂ ನಾನೂ ಸೇರಿ ಜೀವ ಕೊಟ್ಟು ಎಳೆದೆವು. ಒಬ್ಬ ಆಳು ಕೈ ಕೊಡಲು ಬಂದವನು ಭಾವನ ಮುಖ ನೋಡಿ ಹಿಂದೆ ಸರಿದ. ಕೊನೆಗೆ ನನ್ನ ಆಕ್ಸಲ್ ತನ್ನ ಎರಡು ಚಕ್ರದ ಮೇಲೆ ತಾನೇ ಉರುಳಿಕೊಂಡು ಈಚೆಗೆ ಬಂತು.

ಗ್ರೀಸ್ ಮೆತ್ತಿದ ಕೈ ತೊಳೆಯಲು ಹಿತ್ತಲಿಗೆ ಹೋದೆ. ಅಕ್ಕ ಸೀಗೆಪುಡಿ ತಂದು ಕೈಗೆ ಹಾಕಿ, ಚೊಂಬಿನಿಂದ ನೀರು ಬಿಟ್ಟಳು. ನನಗಿಂತ ಆರು ವರ್ಷ ದೊಡ್ಡವಳು, ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ತಲೆ ಎತ್ತದೆ ಮೆಲ್ಲಗೆ, ‘ನಿದಾನಕ್ಕೆ ಓಡ್ಸು ಅಂತ ಫೋನ್ ಮಾಡಿದ್ನಲ್ಲೇ’ ಎಂದಳು.

‘ಗೊತ್ತಿದ್ದೂ ಯೋಳ್ನಿಲ್ವಲ್ಲಕ್ಕಾ’ ಎಂದೆ.

‘ಯೋಳಿದ್ರೆ? ನೀನು ಇವತ್ತು ಜಗ್ಳ ಆಡಿ ಗಾಡಿ ಅತ್ಕಂಡು ಓಗ್ತೀಯ. ಇಲ್ಲಿ ಬಾಳ್ಬೇಕಾದೋಳು ನಾನು.’

ಅವಳು ಹೇಳಿದ್ದು ನಿಜ. ಆ ಮನೆಯಲ್ಲಿ ಅವಳ ಮಾತು ಎಷ್ಟು ನಡೆಯುತ್ತಿತ್ತು ಎನ್ನುವುದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ನಿಜ ಎಂದು ಗೊತ್ತಾದ ತಕ್ಷಣ ಸಿಟ್ಟು ಇಳಿಯುತ್ತದೆ ಎನ್ನುವುದು ಸುಳ್ಳು. ನನ್ನ ಸಾವನ್ನು ಅವಳು ಒಂದು ಕಡೆ, ತನ್ನ ಬಾಳನ್ನು ಒಂದು ಕಡೆ ಇಟ್ಟು ತೂಗಿದ್ದಳು. ಮಧ್ಯಕ್ಕೆ ಒಂದು ಫೋನ್ ಮಾಡಿ ಸಮಾಧಾನ ಮಾಡಿಕೊಂಡಿದ್ದಳು. ಊಟ ಮಾಡಿಕೊಂಡು ಹೋಗು ಎಂದಳು. ಹಸಿವಿಲ್ಲ ಎಂದೆ. ಹೊಟ್ಟೆ ಚುರುಗುಟ್ಟುತ್ತಿತ್ತು.

ಮುರಿದ ಆಕ್ಸಲ್ಲನ್ನು ಟೆಂಪೋದಿಂದ ಇಳಿಸಿ ಅಂಗಳದ ನಡುವೆ ಹಾಕಿದೆವು. ನನ್ನದನ್ನು ಏರಿಸಿದೆವು. ತಮ್ಮ ಗಾಡಿಗೆ ಆ ಮುರಿದದ್ದನ್ನು ತೊಡಿಸಿಕೊಟ್ಟಾದರೂ ಹೋಗಿ ಎಂದು ಭಾವ ಮೆಕ್ಯಾನಿಕ್ಕಿಗೆ ಹೇಳಿದರು. ಅವನು ನನ್ನ ಮುಖ ನೋಡಿದ. ಶಾಫ್ಟ್ ಮುರಿದಿದೆ, ತೊಡಿಸಿ ಏನು ಮಾಡುತ್ತೀರಿ ಎಂದೆ. ಅವರ ಪಿಕಪ್ ದಿಮ್ಮಿಗಳ ಮೇಲೆ ನಿಂತಿತ್ತು, ಸುತ್ತ ಅಷ್ಟೂ ಮೂಟೆ. ಮಳೆ ಮೋಡ ಕಟ್ಟಿತ್ತು. ಆಲೂಗಡ್ಡೆ ನೆನೆದರೆ ಏನಾಗುತ್ತದೆ ಎಂದು ನನಗೆ ಗೊತ್ತು. ಅಯ್ಯೋ ಅನ್ನಿಸುತ್ತದೇನೋ ಎಂದು ಕಾದು ನೋಡಿದೆ. ಅನ್ನಿಸಲಿಲ್ಲ. ಟೆಂಪೋ ಹತ್ತಿದೆ.

ಚನ್ನರಾಯಪಟ್ಟಣದ ಗ್ಯಾರೇಜಿನಲ್ಲಿ ಮರುದಿನ ನನ್ನ ಆಕ್ಸಲ್ಲನ್ನು ಏರಿಸಿ, ಎಣ್ಣೆ ತುಂಬಿ, ಬ್ರೇಕಿನ ಪೈಪಿನೊಳಗೆ ಸೇರಿದ್ದ ಗಾಳಿ ತೆಗೆದು, ಗಾಡಿ ಓಡಿಸಿಕೊಂಡು ಊರಿಗೆ ಬಂದೆ. ನಾಲ್ಕು ಕ್ಯಾಪನ್ನೂ ಆ ಗ್ಯಾರೇಜಿನಲ್ಲೇ ಬಿಸಾಡಿದೆ.

ಹಗ್ಗ ಕಟ್ಟುವವಳ ಕೈಗೆ ಪಟ್ಟಿ ಹಾಕಿದ್ದರು. ಪಟ್ಟಿ ಬಿಚ್ಚಿದ ಮೇಲೂ ಮಣಿಕಟ್ಟು ಸರಿಯಾಗಿ ತಿರುಗಲಿಲ್ಲ. ಗಂಟು ಹಾಕಲು ಹೋದರೆ ಬೆರಳಲ್ಲಿ ಬಿಗಿ ಬರುತ್ತಿರಲಿಲ್ಲ. ಅವಳನ್ನು ಪಾತ್ರೆ ಎಣಿಸಿ ಕೊಡುವ ಕೆಲಸಕ್ಕೆ ಹಾಕಿಕೊಂಡೆ. ಭಾವ ಒಂದು ಸಲ ಬಂದು ಅವಳ ಮುಂದೆ ನಿಂತು, ತಪ್ಪಾಯಿತು ಎನ್ನಬೇಕು ಎಂದು ನಮ್ಮ ಮನೆಯವರ ಕೈಯಲ್ಲಿ ಹೇಳಿ ಕಳಿಸಿದೆ. ಭಾವ ಬರಲಿಲ್ಲ. ಒಂದು ಮೂಟೆ ಆಲೂಗಡ್ಡೆ ಕಳಿಸಿದರು, ಅವಳಿಗೆ ಕೊಡಿ ಎಂದು.

ನಾನು ಅದನ್ನು ವಾಪಸ್ಸು ಕಳಿಸಲು ಹೊರಟೆ. ಅವಳು ತಡೆದಳು. ‘ಆಲೂಗಡ್ಡೆ ಏನ್ ಮಾಡ್ತಕ್ಕಾ? 
ಇಂಗ್ ಕೊಡಿ, ಮನೇಲಿ ಮಕ್ಳು ತಿಂತವೆ’ ಎಂದಳು. ಮಗನ ತಲೆಯ ಮೇಲೆ ಹೊರಿಸಿಕೊಂಡು ಹೋದಳು. ಕೈ ಹೋದವಳೇ ತೆಗೆದುಕೊಂಡ ಮೇಲೆ ನಾನು ಬೇಡ ಎನ್ನಲು ಯಾರು? ಆದರೂ ಒಂದು ಮೂಟೆಯಲ್ಲಿ ಮುಗಿಯಿತಲ್ಲ ಎಂದು ಭಾವ ಅಂದುಕೊಂಡಿರುತ್ತಾರೆ ಎನ್ನುವುದನ್ನೇ ನನಗೆ ಸಹಿಸಲಾಗಲಿಲ್ಲ.

ಅವರಿಗೆ ಅದು ನಿಜವಾಗಿಯೂ ಮುಗಿದಿತ್ತು. ಬರುಬರುತ್ತಾ ಅದನ್ನು ಒಂದು ತಮಾಷೆ ಮಾಡಿಕೊಂಡರು. ನೆಂಟರಿಷ್ಟರು ಸೇರಿದ ಕಡೆಯೆಲ್ಲ, ನಮ್ಮ ನಾದಿನಿ ಹಗಲು ಹೊತ್ತಿನಲ್ಲೇ ಬಂದು ಗಾಡಿ ಆಕ್ಸಲ್ ಬಿಚ್ಚಿಕೊಂಡು ಹೋದಳು ಕಣ್ರಪ್ಪ, ಚಡ್ಡಿ ಬಿಚ್ಚಿದ ಹಾಗೆ, ಎಂದು ಕೈ ಬಾಯಿ ತಿರುಗಿಸಿ ಹೇಳುವರು. ಜನ ಬಿದ್ದು ಬಿದ್ದು ನಗುವರು. ನನ್ನ ಕಿವಿಗೂ ಬೀಳುತ್ತಿತ್ತು. ಅಕ್ಕನ ಮುಖ ನೋಡಿಕೊಂಡು ಸುಮ್ಮನಿರುತ್ತಿದ್ದೆ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾದ ಮೇಲೆ ಅಕ್ಕನ ಮಗಳ ಮದುವೆ ಹಾಸನದ ಒಂದು ಛತ್ರದಲ್ಲಿ ನಡೆಯಿತು. ಬೀಗರ ಊಟದ ದಿನ ಗಂಡಿನ ಕಡೆಯವರಿಗೆ ನನ್ನನ್ನು ಪರಿಚಯ ಮಾಡಿಕೊಡುವಾಗ ಭಾವ ಅದೇ ಕಥೆ ಶುರು ಮಾಡಿದರು. ಹೊಸ ಬೀಗರೂ ನಗಲು ಶುರು ಮಾಡಿದರು.

ನಾನು ನಿಂತಲ್ಲೇ, ದನಿ ಏರಿಸದೆ, ಉಳಿದದ್ದನ್ನೂ ಹೇಳಿದೆ. ಭಾವ ನನ್ನ ಆಕ್ಸಲ್ ಬಿಚ್ಚಿಕೊಂಡಿದ್ದು, ತಮ್ಮ ಬಿರುಕು ಬಿಟ್ಟಿದ್ದನ್ನು ಹಾಕಿದ್ದು, ಕಾಣದಿರಲಿ ಎಂದು ಚಕ್ರ ಮುಚ್ಚಿದ್ದು, ಹಿರೀಸಾವೆಯ ರಸ್ತೆಯಲ್ಲಿ ಚಕ್ರ ಕಳಚಿದ್ದು, ಒಬ್ಬ ಹೆಂಗಸಿನ ಕೈ ಹೋಗಿದ್ದು. ಹೇಳಲು ಬಹಳ ಹೊತ್ತೇನೂ ಹಿಡಿಯಲಿಲ್ಲ. ನಗು ಒಂದೊಂದು ಕಡೆಯಿಂದ ನಿಂತುಕೊಂಡು ಬಂತು. ಮದುವೆ ಮನೆಯಲ್ಲಿ ಇದೆಲ್ಲ ಯಾಕೆ ಎಂದು ಯಾರೋ ನನಗೇ ಬುದ್ಧಿ ಹೇಳಿದರು. ಶುರು ಮಾಡಿದವರನ್ನು ಕೇಳಿ ಎಂದೆ.

ಭಾವ ಹೆಗಲ ಮೇಲಿನ ಶಲ್ಯ ಸರಿಮಾಡಿಕೊಂಡು ಅಡುಗೆ ಮನೆಯ ಕಡೆ ಹೋದರು. ಅಕ್ಕ ಅಲ್ಲೇ ನಿಂತಿದ್ದಳು. ಬೀಗಿತ್ತಿ ಅವಳ ಕಡೆ ತಿರುಗಿ, ಹೌದೇನಮ್ಮ ಎಂದು ಕೇಳಿದರು. ಅಕ್ಕ, ‘ಊ, ಅಂಗೇ ಆಗಿದ್ದು’ ಎಂದಳು. ಆಮೇಲೆ ಎಲ್ಲರನ್ನೂ ಊಟಕ್ಕೆ ಎಬ್ಬಿಸಿದಳು.

ಆಮೇಲೆ ನನ್ನ ಎದುರಿಗಂತೂ ಆ ಕಥೆಯನ್ನು ಯಾರೂ ಹೇಳಿಲ್ಲ. ಹಿಂದೆ ಹೇಳಿಕೊಂಡು ನಗುತ್ತಾರೋ ಏನೋ. ನಕ್ಕರೂ ಪೂರ್ತಿ ಗೊತ್ತಿದ್ದೇ ನಗಬೇಕು.